ಹಳೆಯ ವಿಳಾಸದ ಋಣ

ಊರು ಬಿಟ್ಟು ಬಂದವರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಒಂದು, ಹೊರಡುವಾಗ ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು. ಇದಕ್ಕೆ ಟ್ರಂಕಿನ ಅಳತೆಯೇ ಉತ್ತರ ಹೇಳಿಬಿಡುತ್ತದೆ. ಇನ್ನೊಂದನ್ನು ಕೇಳಿಕೊಳ್ಳುವವರು ಕಡಿಮೆ: ನಾವು ಹೋದ ಮೇಲೆ ನಮ್ಮನ್ನು ಹುಡುಕಿಕೊಂಡು ಹಳೆಯ ಬಾಗಿಲಿಗೆ ಯಾರಾದರೂ ಬಂದರೆ, ಅವರಿಗೆ ನಾವು ಏನಾದರೂ ಬಾಕಿ ಇದ್ದೇವೆಯೇ?

ಬ್ಯಾಂಕಿನ ನೌಕರಿಯಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುತ್ತ, ಗದಗ, ಬಾಗಲಕೋಟೆ, ಸೊಲ್ಲಾಪುರ ಅಂತ ಸುತ್ತಿ ಕೊನೆಗೆ ಮುಂಬಯಿಗೆ ಬಂದು ನಿಂತವನು ನಾನು. ಈ ಎರಡನೆಯ ಪ್ರಶ್ನೆ ತಲೆಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇತ್ತು. ಆದರೆ ಅದಕ್ಕೊಂದು ಸ್ಪಷ್ಟ ರೂಪ ಸಿಕ್ಕಿದ್ದು ನಿವೃತ್ತಿಯ ನಂತರ, ಪವಾಯಿಯಲ್ಲಿ ಮಗಳ ಮನೆಯಲ್ಲಿ ಇರತೊಡಗಿದ ಮೇಲೆ. ಅದೂ ಕಂಪ್ಯೂಟರಿನ ಹುಡುಗರ ಬಾಯಿಂದ.

ಪವಾಯಿ ಎಂದರೆ 1891ರಲ್ಲಿ ಬ್ರಿಟಿಷರ ಕಾಲಕ್ಕೆ ಕಟ್ಟೆ ಹಾಕಿ ಮಾಡಿದ ಒಂದು ಕೆರೆ, ಅದರ ದಂಡೆಗೆ ಐಐಟಿ, ಇನ್ನೊಂದು ಕಡೆ ಗೋಪುರದಂಥ ಕಟ್ಟಡಗಳು. ಐಐಟಿ ಕೂಡ ಇಲ್ಲಿಗೆ ವಲಸೆ ಬಂದದ್ದೇ. 1958ರಲ್ಲಿ ಅದರ ಮೊದಲ ತರಗತಿಗಳು ನಡೆದದ್ದು ವರ್ಲಿಯ ತಾತ್ಕಾಲಿಕ ಜಾಗದಲ್ಲಿ. ಪವಾಯಿಯಲ್ಲಿ ನೆಹರೂ ಅಡಿಗಲ್ಲು ಇಟ್ಟದ್ದು 1959ರ ಮಾರ್ಚಿನಲ್ಲಿ. ಸಂಜೆ ಕೆರೆಯ ದಂಡೆಗೆ ತಿರುಗಾಡಲು ಹೋದರೆ ಕಿವಿಗೆ ಬೀಳುವ ಮಾತೆಂದರೆ, 'ಮೈಗ್ರೇಶನ್ ಹೋ ಗಯಾ ಕ್ಯಾ?' ಮೊದಮೊದಲು ನಾನು, ಪಾಪ, ನಮ್ಮಂಥ ವಲಸೆಯವರ ಬಗ್ಗೆ ಏನೋ ವಿಚಾರಿಸುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹೇಳುತ್ತಿದ್ದದ್ದು ತಾವು ಬರೆದ ಪ್ರೋಗ್ರಾಮನ್ನು ಅಂತರ್ಜಾಲದ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ವಿಷಯ.

ಇದೇನು ಅಂತ ಊರಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತಾರು ಜನ ಸೇರಿ ಒಂದು ಪ್ರೋಗ್ರಾಮ್ ಬರೆಯುವಾಗ ಯಾರು, ಯಾವತ್ತು, ಯಾವ ಸಾಲನ್ನು, ಯಾಕೆ ಬದಲಾಯಿಸಿದರು ಎಂಬುದಕ್ಕೆ ಲೆಕ್ಕ ಇಡಬೇಕಾಗುತ್ತದೆ. ನಮ್ಮ ಡೇ ಬುಕ್ ಇದ್ದ ಹಾಗೆ. ಇದಕ್ಕೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಇಂದು ಬಹುಪಾಲು ಜನ ಬಳಸುವ ಲೆಕ್ಕದ ಪದ್ಧತಿಯ ಹೆಸರು 'ಗಿಟ್'. ಲಿನಕ್ಸ್ ಕಟ್ಟಿದ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಇದನ್ನು ಬರೆಯಲು ಶುರುಮಾಡಿದ್ದು ಕೂಡ ಒಂದು ಮನೆ ಬಿಡಬೇಕಾಗಿ ಬಂದಾಗಲೇ: ಅಲ್ಲಿಯವರೆಗೆ ಅವರ ತಂಡಕ್ಕೆ ಪುಕ್ಕಟೆಯಾಗಿ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಮಾಲೀಕರು ಆ ಸವಲತ್ತನ್ನು ಹಿಂತೆಗೆದುಕೊಂಡಿದ್ದರು.

ಈ ಲೆಕ್ಕದ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಇಡಲು ಒಂದು ಜಾಗ ಬೇಕು. ಅಂಥ ಜಾಗ ಕೊಡುವ ಕಂಪನಿಗಳಿವೆ. ಸೋರ್ಸ್‌ಫೋರ್ಜ್ 1999ರಿಂದ, ಗಿಟ್‌ಹಬ್ 2008ರಿಂದ. ಹೆಚ್ಚಾಗಿ ಬಾಡಿಗೆ ಇಲ್ಲ. ಬಾಡಿಗೆ ಇಲ್ಲವೆಂದ ಕೂಡಲೇ ಮನೆ ನಮ್ಮದೇ ಅಂತ ಅನ್ನಿಸುವುದು ಮನುಷ್ಯ ಸ್ವಭಾವ. ಆದರೆ ಮುಂಬಯಿಯಲ್ಲಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಸಹಿ ಹಾಕಿದವರಿಗೆ ಗೊತ್ತು, ಅದು ಬಾಡಿಗೆಯ ಹಕ್ಕೂ ಅಲ್ಲ, ಬರೀ ಇರಲು ಅಪ್ಪಣೆ. ಇಲ್ಲೂ ಅಷ್ಟೆ. 'ಒಪ್ಪಿದೆ' ಅಂತ ಒಂದು ಗುಂಡಿ ಒತ್ತಿ ಒಳಗೆ ಹೋಗುತ್ತೇವೆ. ಆ ಕರಾರಿನಲ್ಲಿ ಏನಿದೆ ಅಂತ ಓದುವವರು ಯಾರು?

ಓದಬೇಕಾಗಿ ಬಂದದ್ದು ಮನೆ ಮಾಲೀಕರು ಅಂಗಡಿ ಮುಚ್ಚಿದಾಗ. ಗೂಗಲ್ ಕಂಪನಿ 2006ರಲ್ಲಿ ತೆರೆದಿದ್ದ ಗೂಗಲ್ ಕೋಡ್ ಎಂಬ ಮನೆಯನ್ನು ಮುಚ್ಚುವುದಾಗಿ 2015ರ ಮಾರ್ಚಿನಲ್ಲಿ ಹೇಳಿತು. ಆಗಸ್ಟಿನಿಂದ ಅಲ್ಲಿ ಓದಲು ಮಾತ್ರ ಅವಕಾಶ, 2016ರ ಜನವರಿಗೆ ಬಾಗಿಲು ಬಂದ್. ಗಿಟೋರಿಯಸ್ ಎಂಬುದನ್ನು 2015ರಲ್ಲೇ ಗಿಟ್‌ಲ್ಯಾಬ್ ಕೊಂಡು ಕೆಲವೇ ತಿಂಗಳಲ್ಲಿ ಮುಚ್ಚಿತು. ಮೈಕ್ರೋಸಾಫ್ಟಿನ ಕೋಡ್‌ಪ್ಲೆಕ್ಸ್ 2017ರಲ್ಲಿ ನಿಂತಿತು. ನಮ್ಮ ಕನ್ನಡ ಅಕ್ಷರಗಳಿಗೂ ಇದು ತಪ್ಪಲಿಲ್ಲ. ಲಿನಕ್ಸಿನಲ್ಲಿ ಕನ್ನಡ ಓದುವವರು ಬಳಸುವ ಲೋಹಿತ್ ಎಂಬ ಮುಕ್ತ ಫಾಂಟಿನ ಕೆಲಸ ನಡೆಯುತ್ತಿದ್ದ ಫೆಡೋರಾ ಹೋಸ್ಟೆಡ್ ಕೂಡ 2017ರಲ್ಲಿ ಮುಚ್ಚಿಹೋಯಿತು. ಹಳೆಯ ಪುಸ್ತಕದ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ, ಈಗ ಕನ್ನಡವನ್ನೂ ಓದುವ ಟೆಸರಾಕ್ಟ್ ಎಂಬ ತಂತ್ರಾಂಶವಿದೆ. ಅದು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಗಿ, ಸೋರ್ಸ್‌ಫೋರ್ಜಿನಿಂದ ಗೂಗಲ್ ಕೋಡಿಗೆ, ಅಲ್ಲಿಂದ ಗಿಟ್‌ಹಬ್ಬಿಗೆ ಹೀಗೆ ಮೂರು ಮನೆ ಕಂಡಿದೆ.

ನಮ್ಮ ಪವಾಯಿಯದೇ ಉದಾಹರಣೆ ಬೇಕೆಂದರೆ ಪೈಎಸ್‌ಪಿಎಚ್ ಇದೆ. ಐಐಟಿಯ ಏರೋಸ್ಪೇಸ್ ವಿಭಾಗದ ಪ್ರೊ. ಪ್ರಭು ರಾಮಚಂದ್ರನ್ ಅವರ ತಂಡ ಬೆಳೆಸಿದ ಪ್ರೋಗ್ರಾಮು ಅದು. ನೀರಿನಂಥ ಹರಿಯುವ ವಸ್ತುವನ್ನು ಲಕ್ಷಗಟ್ಟಲೆ ಕಣಗಳೆಂದು ಬಗೆದು, ಕಟ್ಟೆ ಒಡೆದರೆ ನೀರು ಹೇಗೆ ನುಗ್ಗುತ್ತದೆ ಎಂಬಂಥದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುತ್ತದೆ. ಅದು ಮೊದಲು ಇದ್ದದ್ದು ಗೂಗಲ್ ಕೋಡಿನಲ್ಲಿ, ಆಮೇಲೆ ಬಿಟ್‌ಬಕೆಟ್ಟಿನಲ್ಲಿ, ಈಗ ಗಿಟ್‌ಹಬ್ಬಿನಲ್ಲಿ. ಬರೆದವರು ಕೆರೆಯ ದಂಡೆಯ ಅದೇ ಕ್ಯಾಂಪಸ್ಸಿನಲ್ಲಿ ಕೂತಿದ್ದಾರೆ, ಕೆಲಸ ಮಾತ್ರ ಮನೆಯಿಂದ ಮನೆಗೆ ಹೋಗುತ್ತಿದೆ. ನಮ್ಮ ಪಾಡು ಇದಕ್ಕೆ ತಿರುಗು ಮುರುಗು: ನಾವು ಊರೂರು ಅಲೆದೆವು, ಪಡಿತರ ಚೀಟಿ, ಹೊಲದ ಉತಾರ ಎಲ್ಲ ಹಳೆಯ ವಿಳಾಸದಲ್ಲೇ ಉಳಿದವು.

ಧಾರವಾಡದ ಕಡೆಯ ಒಬ್ಬ ಎಂ.ಟೆಕ್. ಹುಡುಗ ರವಿವಾರಕ್ಕೊಮ್ಮೆ ರೊಟ್ಟಿ, ಎಣ್ಣೆಗಾಯಿ ಪಲ್ಯದ ಆಸೆಗೆ ನಮ್ಮನೆಗೆ ಬರುತ್ತಾನೆ. ತನ್ನ ಗೆಳೆಯರ ಒಂದು ಸಣ್ಣ ಪ್ರೋಗ್ರಾಮನ್ನು ಹೀಗೆ ಸಾಗಿಸುತ್ತಿದ್ದ. 'ಎಷ್ಟು ದಿನದ ಕೆಲಸಪ್ಪಾ?' ಅಂತ ಕೇಳಿದೆ. 'ಕಾಕಾ, ಕೋಡ್ ಸಾಗಸೂದು ಐದ್ ನಿಮಿಷದ ಕೆಲಸರೀ. ಮಂದೀನ್ನ ಸಾಗಸೂದ ಭಾಳ ತ್ರಾಸ' ಅಂದ. ಆ ಮಾತು ನನ್ನನ್ನು ಹಿಡಿದುಕೊಂಡಿತು. ಎಳೆದು ಎಳೆದು ಕೇಳಿದೆ. ಅವನು ಹೇಳಿದ್ದನ್ನು ನನ್ನ ಲೆಕ್ಕಪತ್ರದ ಭಾಷೆಯಲ್ಲಿ ಹೇಳುತ್ತೇನೆ.

ಗಿಟ್ಟಿನಲ್ಲಿ ಪ್ರತಿಯೊಂದು ಬದಲಾವಣೆಗೂ ನಲವತ್ತು ಅಕ್ಷರದ ಒಂದು ಗುರುತು ಬೀಳುತ್ತದೆ. ಆ ಗುರುತನ್ನು ಯಾರೂ ಇಷ್ಟ ಬಂದಂತೆ ಇಡುವುದಿಲ್ಲ. ಬರಹ, ಬರೆದವನ ಹೆಸರು, ತಾರೀಖು, ಜೊತೆಗೆ ಹಿಂದಿನ ನಮೂದಿನ ಗುರುತು ಇವೆಲ್ಲವನ್ನೂ ಸೇರಿಸಿ ಗಣಿತದಿಂದ ಅದನ್ನು ತೆಗೆಯುತ್ತಾರೆ. ಅಂದ್ರೆ ಹಿಂದಿನ ಪುಟದ ಶಿಲ್ಕು ಮುಂದಿನ ಪುಟಕ್ಕೆ ಬಂದ ಹಾಗೆ. ಹತ್ತು ವರ್ಷದ ಹಿಂದಿನ ಒಂದು ಅಲ್ಪವಿರಾಮ ತಿದ್ದಿದರೂ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಕಳ್ಳತನ ಗೊತ್ತಾಗುತ್ತದೆ. ಮತ್ತೆ, ಕೆಲಸ ಮಾಡುವ ಪ್ರತಿಯೊಬ್ಬನ ಹತ್ತಿರವೂ ಸಾಮಾನ್ಯವಾಗಿ ಪೂರ್ತಿ ಇತಿಹಾಸದ ನಕಲು ಇರುತ್ತದೆ. ಹೆಡ್ ಆಫೀಸು ಸುಟ್ಟುಹೋದರೂ ಯಾವ ಶಾಖೆಯಿಂದಲಾದರೂ ಪೂರ್ತಿ ಲೆಜರು ಮತ್ತೆ ಹುಟ್ಟಬಹುದು. ಆದ್ದರಿಂದ ಒಂದು ಗಿಟ್ ಮನೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಎರಡು ಆಜ್ಞೆ ಸಾಕು: ಪೂರ್ತಿ ಪ್ರತಿಬಿಂಬ ಇಳಿಸಿಕೋ, ಅಲ್ಲಿ ಏರಿಸು. ಚಹಾ ಆರುವುದರೊಳಗೆ ಮುಗಿಯುತ್ತದೆ.

ಹಾಗಾದರೆ ತ್ರಾಸ ಎಲ್ಲಿ? ಲೆಜರಿನ ಹೊರಗೆ ಇರುವುದರಲ್ಲಿ. 'ನಾನು ಹೀಗೆ ಮಾಡಿದೆ, ಪ್ರೋಗ್ರಾಮ್ ನಿಂತುಹೋಯಿತು' ಅಂತ ಯಾರೋ ಬರೆದ ದೂರು, 'ಹಾಗಲ್ಲ, ಹೀಗೆ ಮಾಡಿ ನೋಡಿ' ಎಂಬ ಉತ್ತರ, ಈ ದಾರಿ ಬಿಟ್ಟು ಆ ದಾರಿ ಯಾಕೆ ಹಿಡಿದೆವು ಎಂಬ ಚರ್ಚೆ, ಇವು ಗಿಟ್ಟಿನೊಳಗೆ ಇಲ್ಲ. ಮನೆ ಕೊಟ್ಟ ಕಂಪನಿಯ ಪುಸ್ತಕದಲ್ಲಿವೆ. ಅವನ್ನು ಬೇರೆಯಾಗಿ ಕಿತ್ತು ತರಬೇಕು. ತಂದಾಗಲೂ ಕೆಲವು ಸಲ, ಬರೆದವರ ಖಾತೆ ಹೊಸ ಮನೆಯಲ್ಲಿ ಇಲ್ಲದ ಕಾರಣ, ಎಲ್ಲರ ಮಾತೂ ಸಾಗಿಸಿದವನ ಹೆಸರಿನಲ್ಲೇ ಬಂದು ಕೂರುವುದುಂಟು.

ಬ್ಯಾಂಕಿನಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಬರಹದ ಲೆಜರು ಹೋಗಿ ಕೋರ್ ಬ್ಯಾಂಕಿಂಗ್ ಬಂದಾಗ ನಾವು ರಾತ್ರಿಗಟ್ಟಲೆ ಕೂತು ಬಾಕಿಗಳನ್ನು ತಾಳೆ ಹಾಕಿದೆವು. ಪೈಸೆ ಪೈಸೆಯೂ ಸರಿ ಬಂತು. ಆದರೆ ಹಳೆಯ ಲೆಜರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಟಿಪ್ಪಣಿಗಳಿರುತ್ತಿದ್ದವು: 'ಅಜ್ಜಿಗೆ ಕಣ್ಣು ಮಂಜು, ಚೀಟಿ ಓದಿ ಹೇಳಬೇಕು.' 'ಅಣ್ಣ ಬಂದು ಕೇಳಿದರೆ ಬಾಕಿ ಎಷ್ಟಿದೆ ಅಂತ ಹೇಳಬಾರದು.' ಮೂರು ಮ್ಯಾನೇಜರುಗಳ ಹಿಂದೆ ಯಾರೋ ಪುಣ್ಯಾತ್ಮ ಬರೆದಿಟ್ಟದ್ದು. ಹೊಸ ಪದ್ಧತಿಯಲ್ಲಿ ಅದಕ್ಕೆ ಖಾನೆಯೇ ಇರಲಿಲ್ಲ. ಟ್ರಯಲ್ ಬ್ಯಾಲೆನ್ಸು ಸರಿ ಬಂತು, ಅಜ್ಜಿ ಮಾತ್ರ ಕೌಂಟರಿನ ಮುಂದೆ ಚೀಟಿ ಹಿಡಿದು ನಿಂತಳು. ಲೆಕ್ಕಕ್ಕೆ ಬರುವುದೆಲ್ಲ ಸಾಗಿಹೋಗುತ್ತದೆ, ಲೆಕ್ಕಕ್ಕೆ ಬಾರದ್ದನ್ನು ಯಾರಾದರೂ ನೆನಪಿಟ್ಟು ಎತ್ತಿಕೊಂಡು ಹೋಗಬೇಕು ಅಂತ ನನಗೆ ಆಗಲೇ ಅನ್ನಿಸಿತ್ತು.

ಇನ್ನು ಹೆಸರುಗಳ ಮಾತು. ಗಿಟ್ಟಿಗಿಂತ ಮುಂಚಿನ ಸಬ್‌ವರ್ಷನ್ ಎಂಬ ಪದ್ಧತಿಯಲ್ಲಿ ಬರೆದವನ ಪೂರ್ಣ ಹೆಸರು ದಾಖಲಾಗುತ್ತಿರಲಿಲ್ಲ. ನಾಲ್ಕೈದು ಅಕ್ಷರದ ಒಂದು ಲಾಗಿನ್ ಹೆಸರು, ಅಷ್ಟೇ. ಅಲ್ಲಿಂದ ಗಿಟ್ಟಿಗೆ ಬರುವಾಗ ಸರಿಯಾಗಿ ಸಾಗಿಸಬೇಕೆನ್ನುವವರು ಒಂದು ಪಟ್ಟಿ ಮಾಡಬೇಕು: ಈ ಲಾಗಿನ್ ಅಂದರೆ ಇಂಥ ವ್ಯಕ್ತಿ, ಅವರ ಇಮೇಲ್ ಇಂಥದ್ದು. ಹತ್ತು ವರ್ಷದ ಹಿಂದೆ ಎರಡು ಸಾಲು ತಿದ್ದಿ ಮಾಯವಾದವನು ಯಾರು? ಈಗ ಎಲ್ಲಿದ್ದಾನೆ? ಯಾರೋ ಕೂತು ಹಳೆಯ ಪತ್ರ ತೆಗೆದು ಹುಡುಕಬೇಕು. ಈ ಕೆಲಸಕ್ಕೆ ಸಂಬಳವಿಲ್ಲ, ಮೆಚ್ಚುಗೆಯೂ ಇಲ್ಲ. ಇದರ ಬದಲು ಇನ್ನೊಂದು ಸುಲಭ ದಾರಿಯಿದೆ. ಇತಿಹಾಸವನ್ನೆಲ್ಲ ಅಲ್ಲೇ ಬಿಟ್ಟು, ಇವತ್ತಿನ ಸ್ಥಿತಿಯ ಪ್ರತಿಯನ್ನಷ್ಟೇ ತಂದು, 'ಮೊದಲ ನಮೂದು' ಅಂತ ಬರೆದು ಹೊಸ ಪುಸ್ತಕ ತೆರೆಯುವುದು. ಪ್ರೋಗ್ರಾಮು ಅಷ್ಟೇ ಚೆನ್ನಾಗಿ ಓಡುತ್ತದೆ. ಆದರೆ ಅಲ್ಲಿಗೆ ಐವತ್ತು ಜನರ ದುಡಿಮೆ ಒಬ್ಬನ ಹೆಸರಿಗೆ ಜಮೆಯಾಯಿತು.

ಹೀಗೆ ಮಾಡುವವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಹಳೆಯ ಇತಿಹಾಸದಲ್ಲಿ ಯಾರದೋ ಪಾಸ್‌ವರ್ಡು ಉಳಿದಿರಬಹುದು. ಬಯಲಾಗಬಾರದ ಗುಟ್ಟು ಇರಬಹುದು. ಮನುಷ್ಯರಲ್ಲೂ ಹಾಗೇ ಅಲ್ಲವೇ? ಮುಂಬಯಿಗೆ ಬಂದ ಎಷ್ಟೋ ಜನ ಊರಿನ ಅಡ್ಡಹೆಸರು, ಜಾತಿಯ ಗುರುತು, ಅಪ್ಪನ ಸಾಲದ ಕಥೆ ಎಲ್ಲವನ್ನೂ ವಿ.ಟಿ. ಸ್ಟೇಷನ್ನಿನಲ್ಲೇ ಕಳಚಿ ಹೊಸ ಪುಸ್ತಕ ತೆರೆದರು. ಊರಿನಲ್ಲಿ ಅವಮಾನ ಉಂಡವನಿಗೆ 'ನಿನ್ನ ಇತಿಹಾಸ ಹೊತ್ತುಕೊಂಡು ಬಾ' ಅಂತ ಹೇಳಲು ನಮಗೆ ಯಾವ ಹಕ್ಕಿದೆ? ಆದ್ದರಿಂದ ನಾನು ಇಲ್ಲೊಂದು ಗೆರೆ ಎಳೆಯುತ್ತೇನೆ. ನಮ್ಮ ಸ್ವಂತ ಹಿಂದಿನದನ್ನು ಬಿಟ್ಟುಬಿಡುವುದು ನಮ್ಮ ಖುಷಿ. ಇನ್ನೊಬ್ಬನ ದುಡಿಮೆ ಅದರಲ್ಲಿ ಬೆರೆತಿದ್ದರೆ ಆ ಭಾಗವನ್ನು ಬಿಟ್ಟುಬಿಡುವ ಅಧಿಕಾರ ನಮಗಿಲ್ಲ. ಮುಚ್ಚಿಡಬೇಕಾದ್ದನ್ನು ಮುಚ್ಚಿಟ್ಟರೂ, ದುಡಿದವರ ಹೆಸರಿನ ಒಂದು ಪಟ್ಟಿಯನ್ನಾದರೂ ಇಡಬಹುದು.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಹಳೆಯ ಬಾಗಿಲಿಗೆ ಬರುವವರು. ಒಂದು ಪ್ರೋಗ್ರಾಮಿನ ವಿಳಾಸ ಪ್ರಬಂಧಗಳಲ್ಲಿ, ಪಾಠಪುಸ್ತಕಗಳಲ್ಲಿ, ಬೇರೆ ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಸೇರಿರುತ್ತದೆ. ಅಚ್ಚಾದ ಪುಸ್ತಕವನ್ನು ಹಿಂದಕ್ಕೆ ಕರೆಸಿ ತಿದ್ದಲಾಗುವುದಿಲ್ಲ. ಇದರ ಕಷ್ಟ ಏನೆಂದು ಕರಾವಳಿಯ ಬ್ಯಾಂಕುಗಳ ಗಿರಾಕಿಗಳನ್ನು ಕೇಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ದುಡ್ಡು ಎಲ್ಲೂ ಹೋಗಲಿಲ್ಲ, ಖಾತೆಯೂ ಹೋಗಲಿಲ್ಲ. ಬದಲಾದದ್ದು ಹನ್ನೊಂದು ಅಕ್ಷರದ ಐಎಫ್‌ಎಸ್‌ಸಿ ಸಂಕೇತ. ಮುಂಬಯಿಯಿಂದ ಊರಿನ ತಾಯಿಗೆ ತಿಂಗಳು ತಿಂಗಳು ದುಡ್ಡು ಕಳಿಸುವವರ ಚೀಟಿಯಲ್ಲಿ ಹಳೆಯ ಸಂಕೇತವೇ ಇತ್ತು. ಅದಕ್ಕಾಗಿ ಹಳೆಯ ಸಂಕೇತವನ್ನು ತಕ್ಷಣ ನಿಲ್ಲಿಸದೆ 2021ರ ಜೂನ್ ಕೊನೆಯವರೆಗೂ ನಡೆಸಿದರು. ಹದಿನೈದು ತಿಂಗಳು. ವಿಲೀನ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಹಳೆಯ ವಿಳಾಸಕ್ಕೆ ಬಂದ ದುಡ್ಡನ್ನು ಹೊಸ ಮನೆಗೆ ಮುಟ್ಟಿಸುವುದು ಧರ್ಮ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಕೋಡಿನ ಮನೆಗಳಲ್ಲೂ ಈ ಸೌಲಭ್ಯ ಇದೆ. ಗಿಟ್‌ಹಬ್ಬಿನೊಳಗೇ ಹೆಸರು ಬದಲಿಸಿದರೆ ಹಳೆಯ ವಿಳಾಸಕ್ಕೆ ಬಂದವರನ್ನು ಅದು ತಾನಾಗಿ ಹೊಸದಕ್ಕೆ ಕಳಿಸುತ್ತದೆ; ಅದೇ ಹಳೆಯ ಹೆಸರಿನಲ್ಲಿ ನಾವು ಇನ್ನೊಂದನ್ನು ತೆರೆದರೆ ಮಾತ್ರ ಆ ದಾರಿ ಅಳಿಸಿಹೋಗುತ್ತದೆ. ಬೇರೆ ಕಂಪನಿಗೆ ಹೋಗುವುದಾದರೆ ಕೈಯಾರೆ ಬೋರ್ಡು ಬರೆದು ತೂಗುಹಾಕಬೇಕು: ಇಲ್ಲಿ ಇನ್ನು ಕೆಲಸ ನಡೆಯುವುದಿಲ್ಲ, ಇಂಥ ಕಡೆ ಬನ್ನಿ. ಗೂಗಲ್ ಕೋಡು ಮುಚ್ಚುವಾಗಲೂ ಆ ಬೋರ್ಡು ಹಾಕಲು ಅವಕಾಶ ಕೊಟ್ಟಿತ್ತು. ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆಯ ಅರ್ಜಿ ಕೊಟ್ಟರೆ ಕಾಗದವನ್ನು ಹೊಸ ಮನೆಗೆ ತಿರುಗಿಸುವುದಿಲ್ಲವೇ, ಹಾಗೆ. ನಾಲ್ಕು ಸಾಲಿನ ಕೆಲಸ. ಆದರೂ ಎಷ್ಟೋ ಜನ ಮಾಡುವುದಿಲ್ಲ. ಹೊಸ ಮನೆಯ ಉತ್ಸಾಹದಲ್ಲಿ ಹಳೆಯದರ ಬೋರ್ಡು ಯಾರಿಗೆ ನೆನಪಿರುತ್ತದೆ?

ಬೋರ್ಡು ಹಾಕದಿರುವುದಕ್ಕಿಂತ ಮುಂದಿನ ಹಂತ, ಬಾಗಿಲು ಬಡಿದುಕೊಂಡು ಹೋಗುವುದು. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರನಿಗೂ ಎನ್‌ಪಿಎಂ ಎಂಬ ಕೋಡ್ ಹಂಚುವ ಕಂಪನಿಗೂ ಒಂದು ಹೆಸರಿನ ವಿಷಯಕ್ಕೆ ಜಗಳವಾಯಿತು. ತಾನು ಇಟ್ಟಿದ್ದ ಹೆಸರನ್ನು ಕಂಪನಿ ಬೇರೆಯವರಿಗೆ ಕೊಟ್ಟಿತು ಅಂತ ಸಿಟ್ಟಾಗಿ ಅವನು ತನ್ನ ಇನ್ನೂರಕ್ಕೂ ಹೆಚ್ಚು ಪ್ರೋಗ್ರಾಮುಗಳನ್ನು ಅಲ್ಲಿಂದ ಕಿತ್ತುಕೊಂಡ. ಅವುಗಳಲ್ಲಿ ಒಂದು 'ಲೆಫ್ಟ್ ಪ್ಯಾಡ್', ಬರೀ ಹನ್ನೊಂದು ಸಾಲಿನದು. ಒಂದು ಸಾಲಿನ ಎಡಗಡೆ ಬೇಕಾದಷ್ಟು ಖಾಲಿ ಜಾಗ ತುಂಬುವ ಕೆಲಸ ಅದರದು. ಆದರೆ ಸಾವಿರಾರು ಪ್ರೋಗ್ರಾಮುಗಳು ನೇರವಾಗಿಯೋ ಬಳಸುದಾರಿಯಿಂದಲೋ ಅದನ್ನು ನೆಚ್ಚಿಕೊಂಡಿದ್ದವು. ಅವನ್ನು ಕಟ್ಟುವ ಕೆಲಸ ಲೋಕದ ನಾನಾ ಕಡೆ ನಿಂತುಹೋಯಿತು. ಕೊನೆಗೆ ಕಂಪನಿ ಆ ಹನ್ನೊಂದು ಸಾಲನ್ನು ಮತ್ತೆ ಇಟ್ಟಿತು.

ಇದರಲ್ಲಿ ಯಾರದು ಸರಿ? ಬರೆದವನು ಅವನು, ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ತನ್ನದನ್ನು ತಾನು ಒಯ್ಯುವ ಹಕ್ಕು ಅವನಿಗಿತ್ತು. ಅವನನ್ನು ಕೇಳದೆ ಅವನ ಮೇಲೆ ಭಾರ ಹಾಕಿದವರದೂ ತಪ್ಪಿದೆ. ಆದರೆ ಅವನ ಜಗಳ ಇದ್ದದ್ದು ಮನೆ ಮಾಲೀಕನ ಜೊತೆ, ಪೆಟ್ಟು ಬಿದ್ದದ್ದು ಬಾವಿಯ ನೀರಿಗೆ ಬರುತ್ತಿದ್ದ ನೆರೆಹೊರೆಗೆ. ನನ್ನ ಹೊಲದ ಬಾವಿಯನ್ನು ಮುಚ್ಚುವ ಹಕ್ಕು ನನಗಿದೆ. ಇಪ್ಪತ್ತು ವರ್ಷ ಊರಿಗೆ ನೀರು ಕೊಟ್ಟ ಮೇಲೆ ಒಂದು ಬೆಳಗಾಗುವುದರಲ್ಲಿ ಅದನ್ನು ಮುಚ್ಚಿದರೆ, ಕೋರ್ಟು ನನ್ನ ಪರ ಹೇಳಿದರೂ ಊರು ಹೇಳುವುದಿಲ್ಲ. ಹಕ್ಕು ಮುಗಿದ ಜಾಗದಿಂದ ಋಣದ ಲೆಕ್ಕ ಶುರುವಾಗುತ್ತದೆ, ಮತ್ತು ಆ ಲೆಕ್ಕಕ್ಕೆ ಕಾಗದಪತ್ರ ಇರುವುದಿಲ್ಲ.

ಹಾಗಾದರೆ ಇದ್ದಲ್ಲೇ ಇರುವುದು ಒಳ್ಳೆಯದೇ? ಅದೂ ಅಲ್ಲ. 2018ರಲ್ಲಿ ಮೈಕ್ರೋಸಾಫ್ಟ್ 7.5 ಶತಕೋಟಿ ಡಾಲರಿಗೆ ಗಿಟ್‌ಹಬ್ಬನ್ನು ಕೊಂಡಾಗ, ಮಾಲೀಕ ಬದಲಾದ ಮನೆಯಲ್ಲಿ ಇರಲಾರೆವು ಅಂತ ಕೆಲವರು ಹೊರಟರು. 2022ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ, ನಾವು ಬಿಡುತ್ತೇವೆ, ನೀವೂ ಬಿಡಿ ಅಂತ ಕರೆ ಕೊಟ್ಟಿತು. ತತ್ವಕ್ಕಾಗಿ ಮನೆ ಬಿಡುವವರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಧಾರವಾಡದ ಹುಡುಗ ಇನ್ನೊಂದು ಮಗ್ಗುಲು ತೋರಿಸಿದ. ಹಾವೇರಿಯ ಯಾವುದೋ ಕಾಲೇಜಿನಲ್ಲಿ ಓದುವ ಹುಡುಗಿಗೆ ಗಿಟ್‌ಹಬ್ಬಿನಲ್ಲಿ ಒಂದು ಖಾತೆಯಿದೆ. ಅವಳು ಮೊದಲ ಸಲ ಒಂದು ತಪ್ಪು ತಿದ್ದಿ ಕಳಿಸುವುದು ಅಲ್ಲಿಗೇ. ದೊಡ್ಡವರು ತತ್ವದ ಹೆಸರಿನಲ್ಲಿ ದೂರದ, ಗೊತ್ತಿಲ್ಲದ ಓಣಿಗೆ ಮನೆ ಬದಲಿಸಿದರೆ ಹಳಬರು ಹೇಗೋ ಹುಡುಕಿಕೊಂಡು ಬರುತ್ತಾರೆ, ಹೊಸಬರು ಬರುವುದಿಲ್ಲ. 'ಅಕೀ ತಪ್ಪಿಸಿಕೊಂಡಳು ಅನ್ನೂದು ನಮಗ ಗೊತ್ತಾಗೂದೂ ಇಲ್ಲರಿ' ಅಂದ.

ಬ್ಯಾಂಕಿನಲ್ಲಿ ಚಾರ್ಜು ಒಪ್ಪಿಸುವುದಕ್ಕೆ ಒಂದು ಪದ್ಧತಿಯಿತ್ತು. ತಿಜೋರಿಯ ಕೀಲಿಗಳು ಇಬ್ಬರ ಹತ್ತಿರ ಇರಬೇಕು, ಒಬ್ಬನೇ ತೆರೆಯಲಾಗದು. ಹೊರಡುವವನು ಮತ್ತು ಬಂದವನು ಕೂತು ಒಂದೊಂದೇ ಬಾಬತ್ತು ಎಣಿಸಿ ಸಹಿ ಹಾಕಬೇಕು. ಕೋಡಿನ ಮನೆ ಬಿಡುವವರಿಗೂ ಇಷ್ಟೇ ಸಾಕು ಅಂತ ನನಗೆ ಅನ್ನಿಸುತ್ತದೆ. ಕೀಲಿ ಒಬ್ಬನ ಬಳಿಯೇ ಬೇಡ. ಇತಿಹಾಸವನ್ನು ಹೆಸರುಗಳ ಸಮೇತ ಒಯ್ಯಿರಿ. ದೂರು ದುಮ್ಮಾನಗಳ ಪ್ರತಿಯನ್ನು ಎತ್ತಿಟ್ಟುಕೊಳ್ಳಿ. ಹಳೆಯದನ್ನು ಅಳಿಸದೆ, ಓದಲು ಮಾತ್ರ ಅಂತ ಬೀಗ ಹಾಕಿ, ಬಾಗಿಲ ಮೇಲೆ ಹೊಸ ವಿಳಾಸ ಬರೆಯಿರಿ. ಸಾಧ್ಯವಿದ್ದರೆ ಸ್ವಂತದ ಒಂದು ಅಂತರ್ಜಾಲ ವಿಳಾಸ ಮಾಡಿಕೊಂಡು ಅದನ್ನೇ ಎಲ್ಲರಿಗೂ ಕೊಡಿ. ಆಮೇಲೆ ಮಾಲೀಕರು ಎಷ್ಟು ಸಲ ಬದಲಾದರೂ ಹುಡುಕುವವರಿಗೆ ತೊಂದರೆಯಿಲ್ಲ.

ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ತೆರೆದ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಉಗ್ರಾಣ ಮುಚ್ಚಿಹೋದ ಮನೆಗಳಲ್ಲಿದ್ದ ಕೋಡನ್ನೆಲ್ಲ ಕೂಡಿಡುತ್ತಿದೆ. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ಎಂಬ ಹಳೆಯ ಲೆಕ್ಕದ ಪದ್ಧತಿಯನ್ನು ಕೈಬಿಟ್ಟಾಗ ಅಲ್ಲಿದ್ದ ಎರಡು ಲಕ್ಷಕ್ಕೂ ಮೀರಿದ ಭಂಡಾರಗಳನ್ನು ಉಳಿಸಿಕೊಂಡವರು ಅವರು. ದೊಡ್ಡ ಕೆಲಸ. ಆದರೂ ಅದು ವಸ್ತುಸಂಗ್ರಹಾಲಯ. ಅಲ್ಲಿ ಪುಸ್ತಕ ಸಿಗುತ್ತದೆ, ಕೇಳಿದ್ದಕ್ಕೆ ಉತ್ತರ ಹೇಳುವವರು ಸಿಗುವುದಿಲ್ಲ. ಉಗ್ರಾಣದವರು ಉಳಿಸುತ್ತಾರೆ ಎಂಬ ಧೈರ್ಯದ ಮೇಲೆ ನಮ್ಮ ಪಾಲಿನ ಬೋರ್ಡನ್ನು ಬರೆಯದೆ ಬಿಡುವುದು, ಅಪ್ಪ ಅಮ್ಮನನ್ನು ನೆರೆಯವರು ನೋಡಿಕೊಳ್ಳುತ್ತಾರೆ ಅಂತ ನಿಶ್ಚಿಂತೆಯಾಗಿ ಇರುವ ಹಾಗೆ.

ಪರಊರಿನಲ್ಲಿ ಬಾಳುವ ನಮಗೆಲ್ಲ ಒಂದು ಸಮಾಧಾನ ಇರುತ್ತದೆ: ಭಾಷೆ ತಂದಿದ್ದೇವೆ, ಅಡುಗೆ ತಂದಿದ್ದೇವೆ, ಹಬ್ಬ ತಂದಿದ್ದೇವೆ, ಮಾಟುಂಗದಲ್ಲಿ ಎಲ್ಲವೂ ಸಿಗುತ್ತದೆ, ಇನ್ನೇನು ಬಿಟ್ಟು ಬಂದೆವು ಅಂತ. ನಿಜ, ನಕಲು ಮಾಡಲು ಬರುವುದನ್ನೆಲ್ಲ ತಂದಿದ್ದೇವೆ. ಆದರೆ ಊರಿನ ಮನೆಯ ಕಟ್ಟೆಗೆ ಇವತ್ತಿಗೂ ಯಾರೋ ಬಂದು 'ಮಾಸ್ತರ ಮಗಾ ಎಲ್ಲಿದ್ದಾನ್ರೀ ಈಗ?' ಅಂತ ಕೇಳುತ್ತಿರಬಹುದು. ಒಂದು ಕಾಗದಕ್ಕೆ ಸಾಕ್ಷಿ ಹಾಕಿಸಲು, ಒಂದು ಹಳೆಯ ಸಾಲ ತೀರಿಸಲು, ಅಥವಾ ಬರೇ ಮಾತಾಡಿಸಲು. ಅವರಿಗೆ ಹೇಳಲು ಬಾಗಿಲಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದೇವೆಯೇ? ಪಕ್ಕದ ಮನೆಯವರ ಹತ್ತಿರ ನಮ್ಮ ಈಗಿನ ಫೋನ್ ನಂಬರು ಇದೆಯೇ? ಇಲ್ಲದಿದ್ದರೆ ಈ ಭಾನುವಾರ ಫೋನು ಮಾಡಿ ಕೊಡಬಹುದು. ಐದು ನಿಮಿಷದ ಕೆಲಸ.